ಸ್ಟೇಜಿಲ್ಲ, ಮೈಕಿಲ್ಲ, ಸರದಿ ಇದೆ: ಇಂಗ್ಲೆಂಡಿನ ಫೋಕ್ ಕ್ಲಬ್ಬಿನ ಹಾಡಿನ ಸಂಜೆ

ಮೊದಲ ಸಲ ಹೋದಾಗ ಕಾರ್ಯಕ್ರಮ ಯಾವಾಗ ಶುರುವಾಗುತ್ತದೆ ಅಂತಲೇ ನನಗೆ ಗೊತ್ತಾಗಲಿಲ್ಲ. ಸಸೆಕ್ಸಿನ ಒಂದು ಸಣ್ಣ ಊರು, ಹಳೇ ಪಬ್ಬು, ಬಾರ್ ದಾಟಿ ಹಿಂದಕ್ಕೆ ಹೋದರೆ ಒಂದು ಕೋಣೆ. ಹದಿನೈದು ಹದಿನಾರು ಕುರ್ಚಿಗಳನ್ನು ಗೋಡೆಯ ಪಕ್ಕ ಸುತ್ತಲೂ ಹಾಕಿದ್ದರು. ಸ್ಟೇಜ್ ಇಲ್ಲ, ಮೈಕ್ ಇಲ್ಲ. ಹಾಡುಗಾರರು ಬರಲಿ ಅಂತ ಕಾಯುತ್ತಾ ಕೂತೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬೂದು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಎದುರಿಗಿದ್ದವರು ಅವರ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ. ಅಜ್ಜಿ ಕಡ್ಡಿ ನಿಲ್ಲಿಸಲಿಲ್ಲ, ಎದ್ದು ನಿಲ್ಲಲಿಲ್ಲ, ಗಂಟಲು ಕೂಡ ಸರಿಮಾಡಿಕೊಳ್ಳಲಿಲ್ಲ. ಕೂತಲ್ಲಿಂದಲೇ, ಮಾತಾಡುವ ದನಿಯಲ್ಲೇ, ಸಮುದ್ರಕ್ಕೆ ಹೋದ ಗಂಡನ ಬಗ್ಗೆ ಒಂದು ಹಾಡು ಹೇಳತೊಡಗಿದರು. ನಾಲ್ಕು ಸಾಲು ಮುಗಿದು ಪಲ್ಲವಿ ಬಂತು ನೋಡಿ, ಕೋಣೆಯ ಎಲ್ಲಾ ಮೂಲೆಯಿಂದ ದನಿ ಎದ್ದವು. ನಾನು ಕೈಯಿಟ್ಟಿದ್ದ ಮರದ ಮೇಜು ಸಣ್ಣಗೆ ನಡುಗುತ್ತಿದ್ದದ್ದು ಅಂಗೈಗೆ ತಿಳಿಯುತ್ತಿತ್ತು.

ಹಾಡುಗಾರರು ಅಂತ ಬೇರೆ ಯಾರೂ ಬರುವವರಿರಲಿಲ್ಲ. ಎಲ್ಲರೂ ಆಗಲೇ ಬಂದು ಕೂತಿದ್ದರು.

ಈ ಥರದ ಸಂಜೆಗೆ ಅಲ್ಲಿ ‘ಸಿಂಗರೌಂಡ್’ ಅಂತಾರೆ. ಸುತ್ತು ಕೂತು ಸರದಿ ಪ್ರಕಾರ ಹಾಡುವುದು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸೇರುವ ಸಣ್ಣ ಫೋಕ್ ಕ್ಲಬ್ಬುಗಳ ಜೀವಾಳವೇ ಇದು. ಕ್ಲಬ್ ಅಂದ ತಕ್ಷಣ ದೊಡ್ಡ ಕಟ್ಟಡ, ಮೆಂಬರ್‌ಶಿಪ್ ಕಾರ್ಡು ಅಂದುಕೊಳ್ಳಬೇಡಿ. ಹೆಚ್ಚಿನ ಕಡೆ ಕ್ಲಬ್ ಅಂದರೆ ಪಬ್ಬಿನವರು ಬಿಟ್ಟುಕೊಟ್ಟ ಒಂದು ಕೋಣೆ, ಗೊತ್ತುಮಾಡಿದ ಒಂದು ದಿನ, ಬಾಗಿಲ ಹತ್ತಿರ ಚಿಲ್ಲರೆ ಹಾಕುವ ಒಂದು ಡಬ್ಬಿ, ನಡುವೆ ಒಂದು ಲಾಟರಿ ಚೀಟಿಯ ಆಟ, ಇಷ್ಟೇ. ಕೆಲವು ಸಂಜೆ ಹೊರಗಿನಿಂದ ದುಡ್ಡು ಕೊಟ್ಟು ಒಬ್ಬ ಕಲಾವಿದರನ್ನು ಕರೆಸುತ್ತಾರೆ. ಅವತ್ತು ಕೂಡ ಅವರಿಗಿಂತ ಮೊದಲು ಊರಿನವರೇ ಒಂದೆರಡು ಹಾಡು ಹಾಡುತ್ತಾರೆ. ಪಿಟೀಲು, ಮೆಲೋಡಿಯನ್ (ಗುಂಡಿ ಒತ್ತಿ ನುಡಿಸುವ ಸಣ್ಣ ಅಕಾರ್ಡಿಯನ್) ಹಿಡಿದು ಬರೀ ನೃತ್ಯದ ಮಟ್ಟುಗಳನ್ನು ನುಡಿಸುವ ಕೂಟಕ್ಕೆ ‘ಸೆಷನ್’ ಅಂತ ಹೆಸರು, ಅದು ಬೇರೆ. ನಾನು ಹೇಳುತ್ತಿರುವುದು ಬಾಯಿಹಾಡಿನ ಕೂಟ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಅಂದರೆ ಊರಿನ ಭಜನೆ. ಒಬ್ಬರು ಎತ್ತಿಕೊಡುತ್ತಾರೆ, ಮಿಕ್ಕವರು ಹಿಡಿದುಕೊಳ್ಳುತ್ತಾರೆ. ವ್ಯತ್ಯಾಸ ಏನಪ್ಪಾ ಅಂದರೆ ಇಲ್ಲಿ ದೇವರಿಲ್ಲ, ತಾಳ ಹಾರ್ಮೋನಿಯಂ ಇಲ್ಲ, ಎತ್ತಿಕೊಡುವವರು ಪ್ರತಿ ಹಾಡಿಗೂ ಬದಲಾಗುತ್ತಾರೆ. ಅರ್ಧ ಗಂಟೆಯ ಹಿಂದೆ ಹಿಮ್ಮೇಳದಲ್ಲಿದ್ದವರು ಈಗ ಮುಮ್ಮೇಳ. ಈ ಅದಲು ಬದಲೇ ಸಿಂಗರೌಂಡಿನ ತಿರುಳು ಅಂತ ನನಗನಿಸುತ್ತದೆ. ಇಲ್ಲಿ ಕೇಳುವುದು ಕೂಡ ಒಂದು ಕೆಲಸ. ಕೇಳುವವರು ಕೆಲಸ ಮಾಡದಿದ್ದರೆ ಹಾಡು ಏಳುವುದೇ ಇಲ್ಲ.

ಹಾಗಾದರೆ ಮೇಷ್ಟ್ರಿಲ್ಲದೆ, ರಿಹರ್ಸಲ್ ಇಲ್ಲದೆ, ಮೊದಲೇ ಪಟ್ಟಿ ಮಾಡದೆ ಇದು ನಡೆಯುವುದು ಹೇಗೆ? ಯಾರೂ ಬರೆದಿಡದ ಕೆಲವು ಪದ್ಧತಿಗಳಿವೆ. ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ, ನೋಡಿಯೇ ಕಲಿಯಬೇಕು.

ಸರದಿ ಎಡಗಡೆಯಿಂದಲೋ ಬಲಗಡೆಯಿಂದಲೋ ಸುತ್ತುತ್ತದೆ. ನಿಮ್ಮ ಹತ್ತಿರ ಬಂದಾಗ ಹಾಡಬಹುದು, ಬೇಡವೆನಿಸಿದರೆ ‘ಪಾಸ್’ ಅನ್ನಬಹುದು. ಪಾಸ್ ಅಂದವರನ್ನು ಯಾರೂ ಒತ್ತಾಯ ಮಾಡುವುದಿಲ್ಲ. ನಾನು ಐದು ತಿಂಗಳು ಬರೀ ಪಾಸ್ ಅಂದೆ. ಒಂದು ಸರದಿಗೆ ಒಂದೇ ಹಾಡು, ಅದು ಮೂವತ್ತು ನುಡಿಯ ಉದ್ದನೆಯ ಕಥೆಹಾಡಾದರೂ ಪರವಾಗಿಲ್ಲ. ಒಬ್ಬರು ನುಡಿ ಹಾಡುತ್ತಿರುವಾಗ ಮಿಕ್ಕವರು ಬಾಯಿ ಸೇರಿಸಬಾರದು, ಎಷ್ಟೇ ಚೆನ್ನಾಗಿ ಗೊತ್ತಿರುವ ಹಾಡಾದರೂ ಸರಿ. ಇದು ತುಂಬಾ ಮುಖ್ಯ. ಯಾಕೆಂದರೆ ಅವರು ಕಲಿತ ಮಾತು ಬೇರೆ ಇರಬಹುದು, ಒಂದು ಸಾಲಿನ ಕೊನೆಯಲ್ಲಿ ಅವರು ಎಳೆದು ನಿಲ್ಲಿಸಬಹುದು, ಇನ್ನೊಂದರಲ್ಲಿ ಓಡಬಹುದು. ನಾವು ಸೇರಿಕೊಂಡರೆ ಅವರ ನಡಿಗೆ ಕೆಡುತ್ತದೆ. ಕೇಳದೆ ಗಿಟಾರ್ ಮೀಟುವುದೂ ಅಷ್ಟೇ ತಪ್ಪು. ಪಲ್ಲವಿ ಬಂದಾಗ ಮಾತ್ರ ಕೋಣೆ ಎಲ್ಲರದ್ದು.

ಮರೆತು ಹೋದರೆ? ಹಾಡುವವರು ನಿಲ್ಲುತ್ತಾರೆ, ಕಣ್ಣು ಮುಚ್ಚುತ್ತಾರೆ, ಒಂದು ಕ್ಷಣ ಬಿಟ್ಟು ಯಾವುದೋ ಮೂಲೆಯಿಂದ ಮೆಲ್ಲಗೆ ಒಂದು ಪದ ಬರುತ್ತದೆ. ಸಾಲು ಪೂರ್ತಿ ಹೇಳಿಕೊಡುವುದಿಲ್ಲ, ಒಂದೇ ಪದ. ಅಷ್ಟು ಸಾಕು, ಹಾಡು ಮುಂದಕ್ಕೆ ಹೋಗುತ್ತದೆ. ಶ್ರುತಿ ಜಾಸ್ತಿ ಎತ್ತರಕ್ಕೆ ಹಿಡಿದುಬಿಟ್ಟರೆ ನಿಲ್ಲಿಸಿ ಕೆಳಗಿಳಿಸಿ ಮತ್ತೆ ಶುರು ಮಾಡಬಹುದು, ಅದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಹಾಡಿನ ಮಧ್ಯೆ ಯಾರಾದರೂ ಬಾರಿನಿಂದ ಗ್ಲಾಸು ತುಂಬಿಸಿಕೊಂಡು ಬಂದರೆ ಒಳಗೆ ಬರುವುದಿಲ್ಲ. ಬಾಗಿಲು ಅರ್ಧ ತೆರೆದು, ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ಹೊಸ್ತಿಲಲ್ಲೇ ನಿಂತಿರುತ್ತಾರೆ. ಹತ್ತು ನುಡಿ ಬಾಕಿ ಇದ್ದರೆ ಹತ್ತೂ ನುಡಿ ಮುಗಿಯಬೇಕು. ಆದರೆ ಪಲ್ಲವಿ ಬಂದಾಗ ಅಲ್ಲಿಂದಲೇ ಹಾಡುತ್ತಾರೆ.

ಪುಸ್ತಕ, ಫೋನು ನೋಡಿ ಹಾಡಬಹುದಾ ಅನ್ನುವುದರ ಬಗ್ಗೆ ಈ ಜನರಲ್ಲಿ ದೊಡ್ಡ ಭಿನ್ನಾಭಿಪ್ರಾಯ ಇದೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಬಾಯಿಪಾಠ ಬಂದರೇನೇ ಚೆನ್ನ. ಕಣ್ಣು ಫೋನಿಗೆ ಹೋದ ತಕ್ಷಣ ಹಾಡುವವರಿಗೂ ಕೋಣೆಗೂ ನಡುವಿನ ದಾರ ಸಡಿಲವಾಗುತ್ತದೆ, ಪಲ್ಲವಿಗೆ ಯಾವಾಗ ಸೇರಿಕೊಳ್ಳಬೇಕು ಅಂತ ನಮಗೆ ಗೊತ್ತಾಗುವುದೇ ಹಾಡುವವರ ಮುಖ ನೋಡಿ. ಹಾಗಂತ ನೆನಪು ಕೈಕೊಡುತ್ತಿರುವ ಎಂಬತ್ತರ ಅಜ್ಜನಿಗೆ ಕಾಗದ ಹಿಡಿಯಬೇಡಿ ಅನ್ನುವ ಕ್ಲಬ್ಬು ನನಗೆ ಬೇಡ.

ಈಗ ಪಲ್ಲವಿಯ ವಿಷಯ. ಇಡೀ ಯಂತ್ರ ತಿರುಗುವ ಅಚ್ಚು ಇದು. ಕೆಲವು ಹಾಡುಗಳಲ್ಲಿ ನಾಲ್ಕು ಸಾಲಿನ ಪೂರ್ತಿ ಪಲ್ಲವಿ ಇರುತ್ತದೆ. ಕೆಲವುದರಲ್ಲಿ ನುಡಿಯ ಒಳಗೇ ಎರಡನೇ ಸಾಲು, ನಾಲ್ಕನೇ ಸಾಲು ಎಲ್ಲರದ್ದು, ಒಂದನೆಯದು ಮೂರನೆಯದು ಒಬ್ಬರದ್ದು. ಹಡಗಿನವರ ಕೆಲಸದ ಹಾಡು, ‘ಶ್ಯಾಂಟಿ’ ಅಂತಾರಲ್ಲ, ಅದರಲ್ಲಿ ಒಬ್ಬ ಕೂಗುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ. ಹಾಯಿ ಏರಿಸುವಾಗ ಆ ಉತ್ತರದ ಗೊತ್ತಾದ ಪೆಟ್ಟಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಹಗ್ಗ ಎಳೆಯುತ್ತಿದ್ದರು. ಹಾಡು ಅಲ್ಲಿ ಮನರಂಜನೆಯಾಗಿರಲಿಲ್ಲ, ಹತ್ತು ಜನರ ಬಲವನ್ನು ಒಂದೇ ಕ್ಷಣಕ್ಕೆ ತರುವ ಉಪಾಯವಾಗಿತ್ತು. ಸ್ಕಾಟ್ಲೆಂಡಿನ ಒಬ್ಬ ಪೋಸ್ಟ್‌ಮ್ಯಾನ್ ಟಿಕ್‌ಟಾಕಿನಲ್ಲಿ ಹಾಡಿದ ಹಳೇ ಹಡಗಿನ ಹಾಡೊಂದು 2021ರ ಜನವರಿಯಲ್ಲಿ ಲೋಕವೆಲ್ಲಾ ಹರಡಿತಲ್ವಾ, ಅದಕ್ಕೂ ಕಾರಣ ಇದೇ. ಅದರ ಮೇಲೆ ಯಾರು ಬೇಕಾದರೂ ತಮ್ಮ ದನಿ ಸೇರಿಸಬಹುದಿತ್ತು.

ಇಂಗ್ಲಿಷ್ ಹಾಡುಗಳಲ್ಲಿ ಅರ್ಥವಿಲ್ಲದ ಪಲ್ಲವಿಗಳು ರಾಶಿ ರಾಶಿ ಇವೆ. ‘ಫಾಲ್ ಡಿ ರಾಲ್’ ಅಂತ ಏನೇನೋ ಬರುತ್ತದೆ. ಅದನ್ನು ಕೇಳಿದ ದಿನ ನನಗೆ ನೇರವಾಗಿ ನೆನಪಾದದ್ದು ನಮ್ಮ ‘ತಂದಾನಿ ತಾನೋ’. ಎರಡರ ಕೆಲಸವೂ ಒಂದೇ. ಹಾಡುವವರಿಗೆ ಉಸಿರು ತಗೊಳ್ಳಲು ಸಮಯ ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ತಂದುಕೊಳ್ಳಲು ಸಮಯ ಸಿಗುತ್ತದೆ. ಹಾಡು ಗೊತ್ತಿಲ್ಲದವರಿಗೆ, ಭಾಷೆಯೇ ಗೊತ್ತಿಲ್ಲದವರಿಗೂ, ಎರಡನೇ ಸುತ್ತಿನ ಹೊತ್ತಿಗೆ ಒಳಗೆ ಬರಲು ಬಾಗಿಲು ಸಿಗುತ್ತದೆ. ಅರ್ಥ ಇಲ್ಲದೆ ಇರುವುದೇ ಅದರ ಉಪಯೋಗ.

ಇನ್ನು ದನಿಗಳ ಹೊಂದಾಣಿಕೆ. ನಮ್ಮ ಕಿವಿಗೆ ಇದು ಹೊಸದು. ನಾವು ಗುಂಪಲ್ಲಿ ಹಾಡುವಾಗ ಎಲ್ಲರೂ ಒಂದೇ ಸ್ವರ ಹಾಡುತ್ತೇವೆ. ಇಲ್ಲಿ ಹಾಗಲ್ಲ. ಹಾಡುವವರು ‘ಪ’ ಮೇಲೆ ನಿಂತಿದ್ದಾರೆ ಅಂದುಕೊಳ್ಳಿ. ಪಕ್ಕದವರು ತಾವಾಗಿಯೇ ಕೆಳಗಿನ ‘ಗ’ ಹಿಡಿಯುತ್ತಾರೆ. ಬಾಗಿಲ ಬಳಿ ಕೂತ ದಪ್ಪ ದನಿಯವರು ಆಧಾರ ‘ಸ’ ಬಿಟ್ಟು ಕದಲುವುದಿಲ್ಲ, ತಂಬೂರಿ ಇದ್ದ ಹಾಗೆ. ಯಾರೂ ಬರೆದುಕೊಟ್ಟಿರುವುದಿಲ್ಲ. ಕಿವಿಯಲ್ಲೇ ಹುಡುಕಿಕೊಳ್ಳುತ್ತಾರೆ, ಮೊದಲ ಪಲ್ಲವಿಯಲ್ಲಿ ತಡಕಾಡುತ್ತಾರೆ, ಮೂರನೆಯದರ ಹೊತ್ತಿಗೆ ಎಲ್ಲಾ ತಮ್ಮ ತಮ್ಮ ಜಾಗದಲ್ಲಿ ಕೂತುಬಿಡುತ್ತದೆ. ಮೇಜು ನಡುಗುವುದು ಆವಾಗಲೇ. ಕೆಲವರು ಒಂದು ಕೈಯನ್ನು ಕಿವಿಗೆ ಬಟ್ಟಲಿನ ಹಾಗೆ ಹಿಡಿಯುತ್ತಾರೆ. ಸುತ್ತಲಿನ ದನಿಗಳ ನಡುವೆ ತಮ್ಮ ದನಿ ತಮಗೇ ಕೇಳಲಿ ಅಂತ.

ಹಾಡಿನ ಧಾಟಿ ಕೂಡ ನಮಗೆ ಅಂದುಕೊಂಡಷ್ಟು ಪರಕೀಯ ಅಲ್ಲ. ಸಂಗೀತ ಕಲಿತವರಿಗೆ ಇದು ಖುಷಿ ಕೊಡುತ್ತದೆ. ಹಳೇ ಇಂಗ್ಲಿಷ್ ಜನಪದ ಹಾಡುಗಳಲ್ಲಿ ‘ಡೋರಿಯನ್’ ಅನ್ನುವ ಮೇಳ ಆಗಾಗ ಬರುತ್ತದೆ, ಅದರ ಸ್ವರಗಳು ನಮ್ಮ ಖರಹರಪ್ರಿಯದ್ದೇ, ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ‘ಮಿಕ್ಸೊಲಿಡಿಯನ್’ ಅನ್ನುವುದು ಹರಿಕಾಂಭೋಜಿಯ ಸ್ವರಗಳು. ಗಮಕ ಇರುವುದಿಲ್ಲ, ಹಾಗಾಗಿ ರಾಗ ಅಂತ ಕರೆಯಲಾಗದು, ಆದರೂ ಕೋಮಲ ನಿಷಾದದ ಮೇಲೆ ಒಂದು ಸಾಲು ಬಂದು ನಿಂತಾಗ ಎಲ್ಲೋ ಕೇಳಿದ ಹಾಗೆ ಅನಿಸಿಯೇ ಅನಿಸುತ್ತದೆ.

ಈ ಹಾಡುಗಳು ಬಂದದ್ದು ಎಲ್ಲಿಂದ? ಇದು ಸ್ವಲ್ಪ ಉದ್ದದ ಕಥೆ.

1898ರಲ್ಲಿ ಲಂಡನ್ನಿನಲ್ಲಿ ಜನಪದ ಹಾಡಿನ ಸಂಘವೊಂದು ಹುಟ್ಟಿತು. ಅದರ ಕಾರ್ಯದರ್ಶಿ ಕೇಟ್ ಲೀ ಆ ವರ್ಷ ಸಸೆಕ್ಸಿನ ರಾಟಿಂಗ್‌ಡೀನ್ ಅನ್ನುವ ಹಳ್ಳಿಗೆ ಹೋದರು. ಅಲ್ಲಿ ಕಾಪರ್ ಮನೆತನದ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಹೊಲದ ಮೇಸ್ತ್ರಿ, ಇನ್ನೊಬ್ಬ ಪಬ್ಬು ನಡೆಸುವವನು. ಮೇಜಿನ ಮೇಲೆ ವಿಸ್ಕಿ ಬಾಟಲಿ ಇಟ್ಟು ಅವರಿಂದ ಹಾಡು ಹಾಡಿಸಿ ಬರೆದುಕೊಂಡರು. ಆ ಮನೆತನದವರು ಎರಡು ದನಿ ಸೇರಿಸಿ ಹಾಡುವುದನ್ನು ಇವತ್ತಿಗೂ ಬಿಟ್ಟಿಲ್ಲ. 1903ರಲ್ಲಿ ಸೆಸಿಲ್ ಶಾರ್ಪ್ ಅನ್ನುವ ಸಂಗೀತದ ಮೇಷ್ಟ್ರು ಸೊಮರ್‌ಸೆಟ್ಟಿನ ಹ್ಯಾಂಬ್ರಿಜ್‌ನಲ್ಲಿ ಸ್ನೇಹಿತರಾದ ಪಾದ್ರಿಯ ಮನೆಯಲ್ಲಿದ್ದಾಗ ತೋಟದ ಆಳು ಹುಲ್ಲು ಕತ್ತರಿಸುತ್ತಾ ಹಾಡಿಕೊಳ್ಳುತ್ತಿದ್ದ ಹಾಡು ಕಿವಿಗೆ ಬಿತ್ತು. ಅಲ್ಲಿಂದ ಶುರುವಾದದ್ದು, ಅವರು ಸಾಯುವ ಹೊತ್ತಿಗೆ ಸಾವಿರಗಟ್ಟಲೆ ಹಾಡು ಸಂಗ್ರಹಿಸಿದ್ದರು. ಅವರ ಹೆಸರಿನ ಕಟ್ಟಡ 1930ರಿಂದ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿದೆ, ಒಳಗೆ ಜನಪದ ಹಾಡಿನ ದೊಡ್ಡ ಲೈಬ್ರರಿ ಇದೆ. 1906ರಲ್ಲಿ ಪರ್ಸಿ ಗ್ರೇಂಜರ್ ಅನ್ನುವ ಸಂಗೀತಗಾರ ಲಿಂಕನ್‌ಶೈರಿನಲ್ಲಿ ಮೇಣದ ಸಿಲಿಂಡರಿನ ಫೋನೋಗ್ರಾಫ್ ಇಟ್ಟು ಹಳ್ಳಿಯವರ ದನಿಯನ್ನೇ ಹಿಡಿದರು. ಅದನ್ನು ಮತ್ತೆ ಮತ್ತೆ ಕೇಳಿದಾಗ ಗೊತ್ತಾದದ್ದು ಏನು ಅಂದರೆ, ಒಬ್ಬನೇ ಹಾಡುಗಾರ ಒಂದೇ ಹಾಡಿನಲ್ಲಿ ನುಡಿಯಿಂದ ನುಡಿಗೆ ಧಾಟಿಯನ್ನು ಚೂರು ಚೂರು ಬದಲಿಸುತ್ತಿದ್ದ. ಪುಸ್ತಕದಲ್ಲಿ ಒಂದು ನುಡಿಯ ಸ್ವರ ಅಚ್ಚು ಹಾಕಿದರೆ ಇದೆಲ್ಲಾ ಕಳೆದುಹೋಗುತ್ತದೆ. ಇನ್ನೊಂದು ನಷ್ಟವೂ ಆಯಿತು: ಆ ಕಾಲದ ಸಂಗ್ರಹಕಾರರಲ್ಲಿ ಹಲವರು ಪೋಲಿ ಮಾತುಗಳನ್ನು ಅಚ್ಚಿಗೆ ಮುಂಚೆ ತೊಳೆದುಬಿಟ್ಟರು.

ಹೆಚ್ಚು ಕಡಿಮೆ ಇದೇ ಕಾಲದಲ್ಲಿ ನಮ್ಮ ನಾಡಿನಲ್ಲೂ ಇಂಥದ್ದು ನಡೆದಿತ್ತು ಅನ್ನುವುದು ನೆನಪಿರಲಿ. 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿ ಸಂಗೊಳ್ಳಿ ರಾಯಣ್ಣನ ಲಾವಣಿಯಂಥವನ್ನು ಬರೆಸಿಕೊಂಡು ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಹಲಸಂಗಿ ಗೆಳೆಯರು ತಮ್ಮ ಸುತ್ತಲಿನ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು.

ಒಂದೇ ಹಾಡು ಊರಿಂದ ಊರಿಗೆ ಎಷ್ಟು ರೂಪ ತಾಳುತ್ತದೆ ಅನ್ನುವುದಕ್ಕೆ ‘ಬಾರ್ಬರಾ ಅಲೆನ್’ ಒಳ್ಳೆಯ ಉದಾಹರಣೆ. ಸಾಯುತ್ತಿರುವ ಹುಡುಗ, ತಡವಾಗಿ ಬಂದ ಹುಡುಗಿ, ಅದರ ಕಥೆ. 1666ರ ಜನವರಿ 2ರಂದು ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ ಅನ್ನುವ ಅಧಿಕಾರಿ ತನ್ನ ಡೈರಿಯಲ್ಲಿ ಈ ಹಾಡು ಕೇಳಿದೆ ಅಂತ ಬರೆದಿದ್ದಾನೆ. ಅಂದಿನಿಂದ ಇಂಗ್ಲೆಂಡು, ಸ್ಕಾಟ್ಲೆಂಡು, ಅಮೆರಿಕ ಎಲ್ಲಾ ಕಡೆ ಹೆಸರು, ಧಾಟಿ, ಕೊನೆ ಬದಲಾಗುತ್ತಾ ಬಂದಿದೆ. ಹಾಗಾದರೆ ಎರಡು ಜನ ಹಾಡುತ್ತಿರುವುದು ಒಂದೇ ಹಾಡೋ ಬೇರೆ ಬೇರೆಯೋ ಅಂತ ಹೇಳುವುದು ಹೇಗೆ? ಕ್ರಾಯ್ಡನ್ನಿನ ಲೈಬ್ರೇರಿಯನ್ ಸ್ಟೀವ್ ರೌಡ್ 1970ರ ಸುಮಾರಿಗೆ ಶೂ ಡಬ್ಬಿಯಲ್ಲಿ ಕಾರ್ಡು ಜೋಡಿಸುತ್ತಾ ಇದಕ್ಕೊಂದು ದಾರಿ ಮಾಡಿದರು. ಒಂದು ಹಾಡಿನ ಎಲ್ಲಾ ರೂಪಗಳಿಗೂ ಒಂದೇ ನಂಬರ್. ಬಾರ್ಬರಾ ಅಲೆನ್‌ಗೆ 54. ಈಗ ಸುಮಾರು 25,000 ಹಾಡುಗಳಿಗೆ ಹೀಗೆ ‘ರೌಡ್ ನಂಬರ್’ ಇದೆ. ಸಿಂಗರೌಂಡಿನಲ್ಲಿ ಯಾರಾದರೂ ಹಾಡು ಮುಗಿಸಿದ ಮೇಲೆ ಎದುರಿನವರು “ನಿಮ್ಮದರಲ್ಲಿ ಅವಳು ಕ್ಷಮೆ ಕೇಳುತ್ತಾಳೆ, ನಮ್ಮದರಲ್ಲಿ ಕೇಳುವುದಿಲ್ಲ” ಅಂತ ಶುರು ಮಾಡಿದರೆ ಬಿಯರ್ ಮುಗಿಯುವವರೆಗೂ ಮಾತು ಮುಗಿಯುವುದಿಲ್ಲ.

ಶೆಫೀಲ್ಡ್ ಸುತ್ತಲಿನ ಹಳ್ಳಿಗಳ ಉದಾಹರಣೆಯನ್ನೂ ಹೇಳಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಚರ್ಚುಗಳು ಹಾಡುವ ಪದ್ಧತಿಯನ್ನು ಶಿಸ್ತಿಗೆ ತಂದಾಗ ಊರಿನವರ ಗಟ್ಟಿ ದನಿಯ ಹಳೇ ಕ್ರಿಸ್‌ಮಸ್ ಹಾಡುಗಳಿಗೆ ಒಳಗೆ ಜಾಗ ಇಲ್ಲವಾಯಿತು. ಜನ ಅವನ್ನು ಬಿಡಲಿಲ್ಲ, ಪಬ್ಬಿಗೆ ತಂದರು. ಡಂಗ್ವರ್ತ್, ವೊರಾಲ್ ಅನ್ನುವ ಊರುಗಳ ಪಬ್ಬುಗಳಲ್ಲಿ ನವೆಂಬರ್ ಮಧ್ಯದಿಂದ ಕ್ರಿಸ್‌ಮಸ್ ಮುಗಿಯುವವರೆಗೆ ಇವತ್ತಿಗೂ ಆ ಹಾಡುಗಳು ನಡೆಯುತ್ತವೆ. ಕುರುಬರಿಗೆ ದೇವದೂತ ಕಾಣಿಸಿಕೊಂಡ ಒಂದೇ ಹಾಡನ್ನು ಐದಾರು ಬೇರೆ ಬೇರೆ ಧಾಟಿಯಲ್ಲಿ ಒಂದೇ ಮಧ್ಯಾಹ್ನ ಹಾಡುತ್ತಾರೆ. ಅದರ ಒಂದು ಧಾಟಿಯನ್ನು 1805ರಲ್ಲಿ ಪ್ರಕಟಿಸಿದವನು ಕ್ಯಾಂಟರ್ಬರಿಯ ಚಮ್ಮಾರ ಥಾಮಸ್ ಕ್ಲಾರ್ಕ್.

ಈಗಿನ ರೂಪದ ಫೋಕ್ ಕ್ಲಬ್ ಬಂದದ್ದು ಎರಡನೇ ಮಹಾಯುದ್ಧದ ನಂತರ. 1956ರ ಹೊತ್ತಿಗೆ ‘ಸ್ಕಿಫಲ್’ ಅನ್ನುವ ಸಂಗೀತದ ಹುಚ್ಚು ಹಬ್ಬಿತು. ಅಗ್ಗದ ಗಿಟಾರು, ಬಟ್ಟೆ ಉಜ್ಜುವ ಹಲಗೆ, ಟೀ ಪೆಟ್ಟಿಗೆಗೆ ಹಗ್ಗ ಕಟ್ಟಿ ಮಾಡಿದ ವಾದ್ಯ, ಇಷ್ಟಿದ್ದರೆ ಸಾಕಿತ್ತು. ಆ ಹುಚ್ಚು ಇಳಿದ ಮೇಲೆ ಉಳಿದ ಹುಡುಗರು ತಮ್ಮದೇ ನಾಡಿನ ಹಾಡು ಹುಡುಕುತ್ತಾ ಹೋದರು, ಸ್ಕಿಫಲ್ ನಡೆಯುತ್ತಿದ್ದ ಕೋಣೆಗಳೇ ಫೋಕ್ ಕ್ಲಬ್ಬುಗಳಾದವು.

ಕಾನೂನು ಕೂಡ ಈ ಕೋಣೆಗಳೊಳಗೆ ಕೈಯಾಡಿಸಿದೆ. 1960ರ ದಶಕದಿಂದ ಪಬ್ಬಿನಲ್ಲಿ ವಿಶೇಷ ಲೈಸೆನ್ಸ್ ಇಲ್ಲದೆ ಇಬ್ಬರಿಗಿಂತ ಹೆಚ್ಚು ಜನ ಸಂಗೀತ ಒಪ್ಪಿಸುವಂತಿರಲಿಲ್ಲ. ಹಾಡುಗಾರ ಯಾರು, ಕೇಳುಗ ಯಾರು ಅನ್ನುವ ಗೆರೆಯೇ ಇಲ್ಲದ ಜಾಗದಲ್ಲಿ ‘ಇಬ್ಬರು’ ಅಂತ ಎಣಿಸುವುದು ಹೇಗೆ? ಪಲ್ಲವಿಗೆ ದನಿಗೂಡಿಸಿದ ಗಿರಾಕಿಯೂ ಲೆಕ್ಕಕ್ಕೆ ಬರಬಹುದಿತ್ತು. ಆ ನಿಯಮ 2005ರಲ್ಲಿ ಹೋಯಿತು, ಬದಲಿಗೆ ಬಂದ ಕಾನೂನು ಬೇರೆ ಗೋಜಲು ತಂದಿತು, ಕೊನೆಗೆ 2012ರ ಲೈವ್ ಮ್ಯೂಸಿಕ್ ಆಕ್ಟ್ ಬಂದು ಮೈಕಿಲ್ಲದ ಸಂಗೀತಕ್ಕೆ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಲೈಸೆನ್ಸ್ ಬೇಡ ಅಂತಾಯಿತು.

ಕಾನೂನಿಗಿಂತ ದೊಡ್ಡ ಪೆಟ್ಟು ಪಬ್ಬುಗಳು ಮುಚ್ಚುತ್ತಿರುವುದು. ನಮ್ಮ ಗುಂಪೂ ಮೂರು ವರ್ಷದಲ್ಲಿ ಎರಡು ಸಲ ಜಾಗ ಬದಲಿಸಿದೆ. ಒಂದು ಕಡೆ ಹಿಂದಿನ ಕೋಣೆಯನ್ನು ಊಟದ ಹಾಲ್ ಮಾಡಿದರು, ಇನ್ನೊಂದು ಕಡೆ ಟಿವಿ ಹಾಕಿದರು. ಎರಡೂ ಸಲ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು ಅನ್ನುವುದೂ ನಿಜ. ಇಪ್ಪತ್ತರ ಹುಡುಗಿಯೊಬ್ಬಳು ಬಂದು ಹಾಡಿದ ದಿನ ಎಲ್ಲರ ಮುಖವೂ ಬೆಳಗಿತ್ತು.

ಕೊರೊನಾ ಕಾಲದಲ್ಲಿ ಎಲ್ಲರೂ ಝೂಮಿಗೆ ಹೋದೆವು. ಅಲ್ಲಿ ಯಾಕೆ ಆಗಲಿಲ್ಲ ಅನ್ನುವುದನ್ನು ನೋಡಿದರೆ ಸಿಂಗರೌಂಡ್ ಅಂದರೇನು ಅಂತ ಇನ್ನೂ ಸ್ಪಷ್ಟವಾಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಆರು ಮೀಟರ್ ಕೋಣೆಯ ಆ ತುದಿಯಿಂದ ಈ ತುದಿಗೆ ದನಿ ಬರಲು ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 18 ಪಾಲು ಹಿಡಿಯುತ್ತದೆ. ಅಷ್ಟು ತಡ ಕಿವಿಗೆ ಗೊತ್ತೇ ಆಗುವುದಿಲ್ಲ. ವಿಡಿಯೊ ಕಾಲಿನಲ್ಲಿ ಆ ತಡ 100 ಪಾಲು ದಾಟುವುದು ಮಾಮೂಲು. ಇಬ್ಬರು ಒಟ್ಟಿಗೆ ಹಾಡಲು ಹೋದರೆ ಒಬ್ಬರು ಇನ್ನೊಬ್ಬರಿಗೆ ಕಾಯುತ್ತಾ ಕಾಯುತ್ತಾ ಹಾಡು ನಿಂತೇ ಹೋಗುತ್ತದೆ. ಹಾಗಾಗಿ ಒಬ್ಬರು ಹಾಡುವಾಗ ಮಿಕ್ಕವರೆಲ್ಲಾ ಮ್ಯೂಟ್. ಪರದೆಯ ಮೇಲೆ ಹದಿನಾಲ್ಕು ಬಾಯಿಗಳು ಅಲ್ಲಾಡುತ್ತಿದ್ದವು, ಕೇಳುತ್ತಿದ್ದದ್ದು ಒಂದೇ ದನಿ. ಹಾಡು ಸಿಕ್ಕಿತು, ಪಲ್ಲವಿ ಸಿಗಲಿಲ್ಲ. ಮತ್ತೆ ಕೋಣೆಯಲ್ಲಿ ಸೇರಿದ ಮೊದಲ ಸಂಜೆ, ಮೊದಲ ಪಲ್ಲವಿಗೆ, ಕಾಲುಚೀಲದ ಅಜ್ಜಿ ಕಡ್ಡಿ ಕೆಳಗಿಟ್ಟು ಸುಮ್ನೆ ಕೂತು ಕೇಳಿದರು.

ನನ್ನ ಸರದಿಯ ವಿಷಯಕ್ಕೆ ಬರುತ್ತೇನೆ. ಯುವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ಅನ್ನುವ ಹಾಡುಗಾರ ದಂಪತಿ ಲಂಡನ್ನಿನಲ್ಲಿ ನಡೆಸುತ್ತಿದ್ದ ಕ್ಲಬ್ಬಿನಲ್ಲಿ ಒಂದು ಕಟ್ಟಳೆ ಇತ್ತು: ವೇದಿಕೆಯಲ್ಲಿ ಹಾಡುವವರು ತಮ್ಮ ಭಾಷೆಯ, ತಮ್ಮ ನಾಡಿನ ಹಾಡನ್ನೇ ಹಾಡಬೇಕು. ಲಂಡನ್ನಿನ ಹುಡುಗ ಅಮೆರಿಕದ ಕಪ್ಪು ಜನರ ರೈಲಿನ ಹಾಡನ್ನು ತನ್ನ ಉಚ್ಚಾರದಲ್ಲಿ ಹಾಡಿದಾಗ ಅಮೆರಿಕದವರಾದ ಸೀಗರ್‌ಗೆ ನಗು ತಡೆಯಲಾಗದೆ ಹೋದದ್ದರಿಂದ ಆ ಚರ್ಚೆ ಶುರುವಾಯಿತಂತೆ. ಆಗಲೂ ತುಂಬಾ ಜನ ಇದನ್ನು ವಿರೋಧಿಸಿದರು, ಇವತ್ತಿನ ಸಣ್ಣ ಕ್ಲಬ್ಬುಗಳಲ್ಲಿ ಯಾರೂ ಅಂಥ ಗೆರೆ ಎಳೆಯುವುದಿಲ್ಲ. ಕಟ್ಟಳೆಯಾಗಿ ನನಗೂ ಅದು ಒಪ್ಪಿಗೆಯಿಲ್ಲ. ಆದರೆ ಅದರೊಳಗಿನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿನ್ನ ಬಾಯಿಗೆ ತಾನಾಗಿ ಬರುವ ಹಾಡು ಯಾವುದು? ಐದು ತಿಂಗಳು ಪಾಸ್ ಅಂದವನು ಇಂಗ್ಲಿಷ್ ಹಾಡೊಂದನ್ನು ಬಾಯಿಪಾಠ ಮಾಡುತ್ತಿದ್ದೆ. ಆರನೇ ತಿಂಗಳು ಅದನ್ನು ಬಿಟ್ಟು ನಮ್ಮ ಅಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದ ಪದವನ್ನು ಎತ್ತಿದೆ.

ಹಾಡುವ ಮುಂಚೆ ಎರಡೇ ಮಾತು ಹೇಳಿದೆ. ಇದು ಬೀಸುವ ಕಲ್ಲಿನ ಹಾಡು, ಕಲ್ಲು ಒಂದು ಸುತ್ತು ಬರುವಷ್ಟೇ ಉದ್ದದ ಸಾಲು. ನನ್ನ ಸೊಲ್ಲು ಮುಗಿದಾಗ ನೀವು ‘ತಂದಾನಿ ತಾನೋ’ ಅನ್ನಬೇಕು. ಒಂದು ಸಲ ಹೇಳಿಕೊಟ್ಟೆ. ಮೊದಲ ನುಡಿಗೆ ಇಬ್ಬರು ಬಂದರು, ಎರಡನೆಯದಕ್ಕೆ ಅರ್ಧ ಕೋಣೆ, ಮೂರನೆಯದಕ್ಕೆ ಬಾಗಿಲ ಬಳಿಯ ದಪ್ಪ ದನಿ ಆಧಾರ ಷಡ್ಜ ಹಿಡಿದು ಕೂತುಬಿಟ್ಟಿತು. ನಮ್ಮ ಅಜ್ಜಿಯ ಪದಕ್ಕೆ ಗಾಂಧಾರದಲ್ಲಿ ಇನ್ನೊಂದು ದನಿ ಸೇರಿದ್ದನ್ನು ಅವತ್ತೇ ನಾನು ಮೊದಲು ಕೇಳಿದ್ದು. ಕಣ್ಣು ಮುಚ್ಚಿಕೊಂಡು ಹಾಡಿದೆ. ಹಾಡುತ್ತಾ ಇದ್ದ ಹಾಗೆ ಬಲಗೈ ತೊಡೆಯ ಮೇಲೆ ಸುತ್ತು ತಿರುಗುತ್ತಿತ್ತು.

ಮೊನ್ನೆ ತಿಂಗಳ ಸಂಜೆಗೆ ರೈಲು ತಡವಾಗಿ ಅರ್ಧ ಗಂಟೆ ಲೇಟಾಗಿ ಹೋದೆ. ಬಾರ್ ದಾಟಿ ಬಾಗಿಲ ಹತ್ತಿರ ಬಂದಾಗ ಒಳಗೆ ಯಾರೋ ಹಾಡುತ್ತಿದ್ದರು, ನಾನು ಪದ್ಧತಿಯಂತೆ ಹೊಸ್ತಿಲಲ್ಲಿ ನಿಂತೆ. ಆ ದಪ್ಪ ದನಿಯವರು. ಊರ ಗಿರಣಿ, ಬೀಸುವ ಕಲ್ಲು, ಹಿಟ್ಟು ಅಂತ ತಾವೇ ಇಂಗ್ಲಿಷಿನಲ್ಲಿ ಕಟ್ಟಿಕೊಂಡ ನುಡಿಗಳು. ಧಾಟಿ ನಮ್ಮ ಅಜ್ಜಿಯದು, ಆದರೆ ಕೊನೆಯಲ್ಲಿ ಒಂದು ಸ್ವರ ಕೆಳಗಿಳಿಸಿದ್ದರು. ಪಲ್ಲವಿ ಬಂತು, ಇಡೀ ಕೋಣೆ ‘ಟಂಡಾನಿ ಟಾನೋ’ ಅಂತು. ನಾನೂ ಹೊಸ್ತಿಲಿಂದಲೇ, ಅವರು ಇಳಿಸಿದ ಸ್ವರದಲ್ಲೇ, ದನಿ ಸೇರಿಸಿದೆ.